ಬೆಕ್ಕಿನ ಎತ್ತರದಿಂದ ನಿಮ್ಮ ಮನೆ: ಬೆಕ್ಕು ಸಾಕುವವರಿಗೆ ಒಂದು ಮಾರ್ಗದರ್ಶಿ

ಬೆಕ್ಕು ಮನೆಗೆ ತರುವ ಮೊದಲು ಒಂದು ಕೆಲಸ ಮಾಡಿ. ನಡುಮನೆಯ ನೆಲದ ಮೇಲೆ ಬೋರಲು ಮಲಗಿ. ಗಲ್ಲ ನೆಲದಿಂದ ಒಂದು ಗೇಣು ಮೇಲಿರಲಿ. ಹಾಗೇ ಐದು ನಿಮಿಷ ಸುತ್ತ ನೋಡಿ.

ಮಂಚದ ಕೆಳಗಿನ ಕತ್ತಲು ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ. ಫ್ರಿಡ್ಜ್ ಹಿಂದಿನ ಸಂದು ಕಾಣುತ್ತದೆ. ಯಾರಾದರೂ ಪಕ್ಕದಲ್ಲಿ ನಡೆದು ಹೋದರೆ ಮುಖ ಕಾಣುವುದಿಲ್ಲ, ಎರಡು ದೊಡ್ಡ ಕಾಲು ಮಾತ್ರ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿಸಿ ಕೇಳಿ. ನಮ್ಮ ಕಿವಿ 20,000 ಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿನ ಕಿವಿ 60,000 ದಾಟಿಯೂ ಕೇಳುತ್ತದೆ. ಇಲಿಮರಿಯ ಕೀಚಲು ದನಿ ಹಿಡಿಯಲಿಕ್ಕೆ ಆದ ಕಿವಿ ಅದು. ನಮಗೆ ಬರೀ ಗಲಾಟೆ ಅನ್ನಿಸಿದ್ದು ಅದಕ್ಕೆ ಹೆದರಿಕೆ.

ನಾನು ತುಮಕೂರಿನಲ್ಲಿ, ಕ್ಯಾತ್ಸಂದ್ರದ ಹತ್ತಿರ ಇರುತ್ತೇನೆ. ನಮ್ಮ ಬೆಕ್ಕು ಸುಬ್ಬಿ ನಮ್ಮ ಜೊತೆ ಇದ್ದು ಎಂಟು ವರ್ಷವಾಯಿತು. ಬೆಕ್ಕು ಸಾಕುತ್ತೇವೆ ಅನ್ನುವವರಲ್ಲಿ ಪ್ರೀತಿಗೆ ಕೊರತೆ ಇಲ್ಲ. ಆದರೆ ನಾವು ತೋರಿಸುವ ರೀತಿ ಮನುಷ್ಯರ ರೀತಿ. ಎತ್ತಿಕೊಳ್ಳುತ್ತೇವೆ, ಅಪ್ಪಿಕೊಳ್ಳುತ್ತೇವೆ, ಹಾಲು ಹಾಕುತ್ತೇವೆ. ಬೆಕ್ಕಿಗೆ ಬೇಕಾದ್ದು ಬೇರೆ. ಅದರ ಕಡೆಯಿಂದ ನೋಡಿದರೆ ನಿಮ್ಮ ಮನೆಯೇ ಅದರ ಊರು, ಅದರ ಕಾಡು. ಆ ಊರಿನಲ್ಲಿ ನೀವೊಬ್ಬರೇ ಅದಕ್ಕೆ ಗೊತ್ತಿರುವವರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲ ಮೂರು ದಿನ ಒಂದೇ ಕೋಣೆ

ಮರಿಗೆ ಎಂಟು ವಾರ ತುಂಬುವವರೆಗೆ ತಾಯಿಯಿಂದ ಬಿಡಿಸಬೇಡಿ. ಎರಡನೇ ವಾರದಿಂದ ಏಳನೇ ವಾರದವರೆಗೆ ಮರಿ ಯಾರನ್ನು ನಂಬಬೇಕು ಅನ್ನುವುದನ್ನು ಕಲಿಯುತ್ತದೆ. ಆ ದಿನಗಳಲ್ಲಿ ತಾಯಿ ಹತ್ತಿರ ಇರಬೇಕು, ಮನುಷ್ಯರ ಕೈಯೂ ಮೆಲ್ಲಗೆ ಸೋಕುತ್ತಿರಬೇಕು. ಮರಿ ತರುವ ಮನೆಗೆ ಮೊದಲೇ ನಾಲ್ಕು ಸಲ ಹೋಗಿ ಬಂದರೆ ಒಳ್ಳೆಯದು.

ತಂದ ದಿನ ಇಡೀ ಮನೆ ತೋರಿಸಬೇಡಿ. ಒಂದು ಸಣ್ಣ ಕೋಣೆ ಸಾಕು. ಒಂದು ಮೂಲೆಯಲ್ಲಿ ಊಟ, ನೀರು. ಎದುರು ಮೂಲೆಯಲ್ಲಿ ಮಲಮೂತ್ರಕ್ಕೆ ಮರಳಿನ ಟಬ್. ಮಧ್ಯೆ ಒಂದು ರಟ್ಟಿನ ಪೆಟ್ಟಿಗೆ, ಅಡ್ಡ ಮಲಗಿಸಿ ಇಟ್ಟದ್ದು. ಅದರೊಳಗೆ ಮರಿ ಹುಟ್ಟಿದ ಮನೆಯಿಂದ ತಂದ ಬಟ್ಟೆ ಚೂರು. ಹಳೆಯ ವಾಸನೆ ಇದ್ದರೆ ಹೊಸ ಜಾಗ ಅರ್ಧ ಹಳೆಯದಾಗುತ್ತದೆ.

ಆಮೇಲೆ ನೀವು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಪೇಪರ್ ಓದಿ. ಮರಿಯನ್ನು ನೋಡಬೇಡಿ, ಕರೆಯಬೇಡಿ. ಸುಮ್ನೆ ಇರಿ. ಸುಬ್ಬಿ ಎರಡು ದಿನ ಪೆಟ್ಟಿಗೆಯಿಂದ ಆಚೆ ಬರಲೇ ಇಲ್ಲ. ಮೂರನೇ ದಿನ ಸಂಜೆ ಬಂದು ನನ್ನ ಕಾಲ್ಬೆರಳು ಮೂಸಿ ನೋಡಿದಳು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆ ಮೂರು ದಿನ ಕಾದದ್ದಕ್ಕೆ ಎಂಟು ವರ್ಷದ ಪ್ರತಿಫಲ ಸಿಕ್ಕಿದೆ.

ಎತ್ತರದ ಜಾಗ ಕೊಡಿ

ನಾನು ಹುಟ್ಟಿದ್ದು ತಿಪಟೂರು ಕಡೆಯ ಹಳ್ಳಿಯಲ್ಲಿ. ಅಲ್ಲಿ ಮನೆಮನೆಗೂ ಅಟ್ಟ. ಬಲಿತ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಕೊಬ್ಬರಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಬೆಕ್ಕು. ನಮ್ಮಜ್ಜಿ ಬೆಕ್ಕು ಅನ್ನುತ್ತಿರಲಿಲ್ಲ, ಕೊತ್ತಿ ಅನ್ನುತ್ತಿದ್ದರು. ಆ ಕೊತ್ತಿ ಹಗಲೆಲ್ಲ ಅಟ್ಟದ ತುದಿಯಲ್ಲಿ ಮಲಗಿ ಕೆಳಗೆ ನಡೆಯುವ ಸಂಸಾರವನ್ನು ನೋಡುತ್ತಿತ್ತು. ಅದನ್ನು ಯಾರೂ ಕೆಳಗೆಳೆಯುತ್ತಿರಲಿಲ್ಲ. ಅದಕ್ಕೆ ಅಂಥ ನೆಮ್ಮದಿ ಯಾಕಿತ್ತು ಅಂತ ನನಗೆ ಈಗ ಅರ್ಥವಾಗಿದೆ. ಎಲ್ಲರೂ ಅದಕ್ಕೆ ಕಾಣುತ್ತಿದ್ದರು, ಅದನ್ನು ಮಾತ್ರ ಯಾರೂ ಹಿಡಿಯಲಾಗುತ್ತಿರಲಿಲ್ಲ.

ಪೇಟೆಯ ಆರ್‌ಸಿಸಿ ಮನೆಗಳಲ್ಲಿ ಅಟ್ಟ ಇಲ್ಲ. ಆದರೆ ಸಜ್ಜೆ ಇದೆ, ಬೀರು ಇದೆ. ಬೀರುವಿನ ಮೇಲೆ ಮಡಿಸಿದ ಗೋಣಿಚೀಲ ಹಾಕಿ. ಅಲ್ಲಿಗೆ ಹತ್ತಲು ಒಂದು ಸ್ಟೂಲು, ಅದರ ಪಕ್ಕ ಅದಕ್ಕಿಂತ ಎತ್ತರದ ಒಂದು ಟೇಬಲ್, ಹೀಗೆ ಮೆಟ್ಟಿಲು ಮಾಡಿಕೊಡಿ. ವಯಸ್ಸಾದ ಬೆಕ್ಕಿಗೆ ಈ ಮೆಟ್ಟಿಲು ಇನ್ನೂ ಮುಖ್ಯ. ಮನೆಯವರಿಗೆಲ್ಲ, ಮಕ್ಕಳಿಗೂ ಸೇರಿ, ಒಂದೇ ನಿಯಮ: ಬೆಕ್ಕು ಮೇಲೆ ಇರುವಾಗ ಯಾರೂ ಕೈ ಹಾಕುವ ಹಾಗಿಲ್ಲ.

ಉಗುರಿಗೂ ಒಂದು ಜಾಗ ಬೇಕು. ಪರಚುವುದು ತುಂಟತನ ಅಲ್ಲ. ಉಗುರಿನ ಹಳೆಯ ಪದರ ಕಳಚಲಿಕ್ಕೆ, ಪಂಜದ ವಾಸನೆ ಅಂಟಿಸಿ ‘ಇದು ನನ್ನ ಜಾಗ’ ಅನ್ನಲಿಕ್ಕೆ ಅದು ಬೇಕೇ ಬೇಕು. ಒಂದು ಗಟ್ಟಿ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತಾಗಿ ಸುತ್ತಿ, ಅಲ್ಲಾಡದ ಹಾಗೆ ನಿಲ್ಲಿಸಿ. ಎತ್ತರ ಮೂರು ಅಡಿ ಇದ್ದರೆ ಬೆಕ್ಕು ಪೂರ್ತಿ ಮೈ ಚಾಚಬಹುದು. ಅದು ಮಲಗುವ ಜಾಗದ ಪಕ್ಕದಲ್ಲೇ ಇಡಿ, ಯಾಕಂದರೆ ಎದ್ದ ಕೂಡಲೇ ಬೇಕಾಗುವುದು ಅದೇ.

ಊಟದ ವಿಷಯ

ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಬೆಕ್ಕುಗಳಿಗೆ ಹೆಚ್ಚು ತೊಂದರೆ ಆಗುವುದು ಇಲ್ಲೇ.

ಸುಬ್ಬಿ ಬಂದ ಹೊಸದರಲ್ಲಿ ನಮ್ಮತ್ತೆ ಕೇಳಿದರು: “ಮೊಸರನ್ನ ಹಾಕಿದ್ರೆ ಸಾಲ್ದೇನಮ್ಮ? ನಮ್ಮ ಕಾಲದಲ್ಲಿ ಬೆಕ್ಕುಗಳು ಅದನ್ನೇ ತಿಂದ್ಕೊಂಡು ಗುಂಡುಗುಂಡಾಗಿ ಇರ್ತಿದ್ವಲ್ಲ.” ಅವರು ಹೇಳಿದ್ದು ಸುಳ್ಳಲ್ಲ. ನಾನೂ ನೋಡಿದ್ದೇನೆ. ಆದರೆ ಆ ಬೆಕ್ಕುಗಳನ್ನು ಬೆಳೆಸಿದ್ದು ಮೊಸರನ್ನ ಅಲ್ಲ, ಅಟ್ಟದ ಇಲಿಗಳು. ನಾವು ಹಾಕುತ್ತಿದ್ದ ಅನ್ನ ಬರೀ ನೆಂಚಿಕೆ. ಈಗ ಮನೆಯಲ್ಲಿ ಇಲಿ ಇಲ್ಲ. ಅನ್ನ ಮಾತ್ರ ಉಳಿದಿದೆ.

ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಅನ್ನುವ ಒಂದು ವಸ್ತು ಅದಕ್ಕೆ ಊಟದಿಂದಲೇ ಸಿಗಬೇಕು. ಮೈಯೊಳಗೆ ಸಾಕಷ್ಟು ತಯಾರಾಗುವುದಿಲ್ಲ. ಅದು ಮಾಂಸ, ಮೀನಿನಲ್ಲಿ ಇದೆ, ಇಲಿಯ ಮೈಯಲ್ಲಿ ಧಾರಾಳವಾಗಿದೆ, ಅನ್ನ ರಾಗಿಯಲ್ಲಿ ಇಲ್ಲ. ಟಾರಿನ್ ಸಿಗದಿದ್ದರೆ ಬೆಕ್ಕಿನ ಕಣ್ಣಿನ ಒಳಪದರ ಹಾಳಾಗಿ ಕುರುಡಾಗುತ್ತದೆ ಅನ್ನುವುದು 1970ರ ದಶಕದಲ್ಲಿ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿದ್ದ ಪಶುವೈದ್ಯರು ಇನ್ನೊಂದನ್ನು ಕಂಡುಕೊಂಡರು. ಅದೇ ಕೊರತೆಯಿಂದ ಬೆಕ್ಕಿನ ಹೃದಯವೂ ದುರ್ಬಲವಾಗಿ ಊದಿಕೊಳ್ಳುತ್ತದೆ. ಆ ಮೇಲೆ ಬೆಕ್ಕಿನ ಪ್ಯಾಕೆಟ್ ಊಟಗಳಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದರು.

ತುಮಕೂರಿನಲ್ಲಿ ಮನೆಯೊಳಗೆ ಮೊಟ್ಟೆ, ಮಾಂಸ ತರದ ಕುಟುಂಬಗಳು ಎಷ್ಟೋ ಇವೆ. ನಮ್ಮದೂ ಅಂಥದೇ. ಅವರಿಗೆ ನಾನು ಹೇಳುವುದು ಇಷ್ಟು: ಬೆಕ್ಕಿಗೆಂದೇ ತಯಾರಾದ ಒಣ ಊಟ ತನ್ನಿ. ಪ್ಯಾಕೆಟ್ ಮೇಲೆ ಟಾರಿನ್ ಅಂತ ಬರೆದಿದೆಯಾ ನೋಡಿ. ಅಡುಗೆಮನೆಯಿಂದ ಆಚೆ, ಹಿತ್ತಲ ಬಾಗಿಲ ಹತ್ತಿರ ಒಂದು ಡಬ್ಬ, ಅದಕ್ಕೇ ಒಂದು ಅಳತೆ ಲೋಟ, ಅದಕ್ಕೇ ಒಂದು ತಟ್ಟೆ ಇಡಿ. ನಮ್ಮತ್ತೆ ಮೊದಲು ಮುಖ ಸಿಂಡರಿಸಿದರು. “ಅದು ಅದರ ಧರ್ಮ ಅಲ್ವಾ ಅತ್ತೆ” ಅಂದೆ. ಈಗ ಬೆಳಗಿನ ತಟ್ಟೆ ಇಡುವವರು ಅವರೇ. ಇದಕ್ಕೆ ಮನಸ್ಸು ಒಪ್ಪುವುದೇ ಇಲ್ಲ ಅಂದರೆ ಬೆಕ್ಕು ಸಾಕಬೇಡಿ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ನಾಲ್ಕು ಕೆಜಿ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಒಣ ಊಟ ಬೇಕಾಗುತ್ತದೆ. ಅದನ್ನು ಎರಡು ಮೂರು ಸಲ ಹಂಚಿ ಹಾಕಿ. ಮರಿಗಳಿಗೆ ನಾಲ್ಕು ಸಲ. ಮಾಂಸ ಮಾಡುವ ಮನೆಯಾದರೆ ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು, ಮೂಳೆ ತೆಗೆದು, ಆಗಾಗ ಕೊಡಬಹುದು. ಆದರೆ ದಿನವೂ ಬರೀ ಕೋಳಿ ಸಾಲದು, ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಒಗ್ಗರಣೆ ಹಾಕಿದ ಸಾರಿನ ಅನ್ನ ಹಾಕಲೇಬೇಡಿ. ನಾಯಿಯ ಊಟವನ್ನು ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ.

ಇನ್ನು ಹಾಲು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮಗೆಲ್ಲ ಗೊತ್ತು. ಕುಡಿಯುವುದು ನಿಜ. ಆದರೆ ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಭೇದಿ ಆಗುತ್ತದೆ. ಸಿಹಿಯ ರುಚಿಯಂತೂ ಅದರ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಪಾಯಸ ಮೂಸಿದರೆ ಅದು ತುಪ್ಪದ ಆಸೆಗೆ. ಅದಕ್ಕೆ ನೀರು ಇಡಿ. ಅಗಲ ಬಾಯಿಯ ಬಟ್ಟಲಲ್ಲಿ, ಊಟದ ತಟ್ಟೆಯಿಂದ ದೂರ, ಮನೆಯಲ್ಲಿ ಎರಡು ಮೂರು ಕಡೆ. ಬೆಕ್ಕಿನ ಪೂರ್ವಿಕರು ಪಶ್ಚಿಮ ಏಷ್ಯಾದ ಒಣ ನಾಡಿನವರು. ಬಾಯಾರಿಕೆ ಅದಕ್ಕೆ ಬೇಗ ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಾನು ಒಣ ಊಟಕ್ಕೆ ಎರಡು ಚಮಚ ಬೆಚ್ಚನೆ ನೀರು ಬೆರೆಸುತ್ತೇನೆ.

ಮರಳಿನ ಟಬ್

ಟಬ್ಬಿನ ಉದ್ದ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಲಿ. ಒಂದು ಬೆಕ್ಕಿದ್ದರೆ ಎರಡು ಟಬ್, ಎರಡಿದ್ದರೆ ಮೂರು. ಜರಡಿ ಹಿಡಿದ ಮರಳು, ಎರಡು ಮೂರು ಇಂಚು ದಪ್ಪ. ದಿನಕ್ಕೆ ಎರಡು ಸಲ ಮಲವನ್ನೂ ಒದ್ದೆಯಾದ ಮರಳನ್ನೂ ತೆಗೆಯಿರಿ, ವಾರಕ್ಕೊಮ್ಮೆ ಮರಳು ಬದಲಿಸಿ. ಪರಿಮಳದ ಪುಡಿ ಬೇಡ. ಓಡಾಟವಿಲ್ಲದ, ಆದರೆ ಎರಡು ಕಡೆಯಿಂದ ಆಚೆ ಬರಲು ದಾರಿ ಇರುವ ಜಾಗದಲ್ಲಿ ಇಡಿ. ವಾಷಿಂಗ್ ಮೆಷಿನ್ ಪಕ್ಕ ಬೇಡ.

ಬೆಕ್ಕು ಟಬ್ ಬಿಟ್ಟು ಬೇರೆ ಕಡೆ ಹೋದರೆ ಬೈಯಬೇಡಿ. ಟಬ್ ಗಲೀಜಾಗಿದೆ, ಅಥವಾ ಜಾಗ ಹೆದರಿಕೆ ತರುತ್ತಿದೆ, ಅಥವಾ ಉಚ್ಚೆ ಮಾಡುವಾಗ ನೋಯುತ್ತಿದೆ. ಹೆಚ್ಚಾಗಿ ಈ ಮೂರರಲ್ಲಿ ಒಂದು ಇರುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಟಬ್ ಕೆಲಸ ಬೇರೆಯವರು ಮಾಡಲಿ, ದಿನವೂ ತಪ್ಪದೆ ಮಾಡಲಿ. ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಲ್ಲಿ ಬಂದು, ಇನ್ನೊಬ್ಬರಿಗೆ ಅಂಟುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುತ್ತದೆ. ದಿನವೂ ತೆಗೆದರೆ ಅಪಾಯ ತೀರಾ ಕಡಿಮೆ. ಬಸುರಿ ಅಂತ ಬೆಕ್ಕನ್ನು ಬೀದಿಗೆ ಬಿಡುವ ಅಗತ್ಯ ಇಲ್ಲ.

ನೆಲ, ಬೀರು, ಔಷಧಿ ಡಬ್ಬ

ಬೆಕ್ಕು ದಿನದಲ್ಲಿ ಎಷ್ಟೋ ಸಲ ಮೈ ನೆಕ್ಕಿಕೊಳ್ಳುತ್ತದೆ. ಅಂದರೆ ನೀವು ನೆಲಕ್ಕೆ ಹಾಕಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ನಾವು ಅರಗಿಸಿಕೊಳ್ಳುವ ಕೆಲವು ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಲಾರದು. ಫಿನಾಯಿಲ್ ಅದರಲ್ಲಿ ಮುಖ್ಯ. ನಮ್ಮ ಮನೆಯಲ್ಲಿ ಈಗ ಬರೀ ನೀರು, ಸ್ವಲ್ಪ ಸೋಪು ಹಾಕಿ ಒರೆಸುತ್ತೇವೆ. ಬೀರುವಿನಲ್ಲಿಡುವ ನುಸಿಗುಳಿಗೆಯೂ ವಿಷ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಜ್ವರ ಇದೆ ಅಂತ ಮಕ್ಕಳ ಸಿರಪ್ ಕುಡಿಸಬೇಡಿ. ಕಿವಿ ಬಿಸಿ ಇದ್ದ ಮಾತ್ರಕ್ಕೆ ಜ್ವರ ಅಲ್ಲ, ಬೆಕ್ಕಿನ ಮೈ ಶಾಖವೇ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೊಕೆಯಲ್ಲಿ ಬರುವ ಲಿಲ್ಲಿ ಹೂವಿನ ಪರಾಗ ಮೈಗೆ ಬಿದ್ದು ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

ಸುಬ್ಬಿಗೆ ಎರಡು ವರ್ಷ ಇದ್ದಾಗ ಮೈಯಲ್ಲಿ ಚಿಗಟ ಕಂಡವು. ಒಂದು ಅಂಗಡಿಯಲ್ಲಿ ಕೇಳಿದೆ. ನಾಯಿಗೆ ಹಾಕುವ ಹನಿ ಔಷಧ ಕೊಟ್ಟು, ಇದೇ ಆಗುತ್ತದೆ ಅಂದರು. ನಾನು ನಂಬಿ ಕತ್ತಿನ ಹಿಂದೆ ಹಾಕಿದೆ. ಮೂರು ಗಂಟೆಯಲ್ಲಿ ಅವಳ ಮೈ ನಡುಗತೊಡಗಿತು. ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಂತೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಟವೆಲ್ ಸುತ್ತಿ ಓಡಿದೆವು. ಉಳಿದಳು. ಆ ಔಷಧದಲ್ಲಿ ಪರ್ಮೆಥ್ರಿನ್ ಇತ್ತು. ನಾಯಿಗೆ ಅದು ಸರಿ, ಬೆಕ್ಕಿಗೆ ಪ್ರಾಣಾಪಾಯ. ಡಬ್ಬದ ಮೇಲೆ ಬೆಕ್ಕಿನ ಹೆಸರಿಲ್ಲದ ಔಷಧ ಯಾವುದನ್ನೂ ಹಾಕಬೇಡಿ.

ಅಕ್ಕಪಕ್ಕದವರ ಹತ್ತಿರ ಇಲಿ ಪಾಷಾಣದ ಬಗ್ಗೆ ಮಾತಾಡಿ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷ ಏರುತ್ತದೆ. ಬ್ರೋಮಾಡಿಯೊಲೋನ್ ಥರದ ಪಾಷಾಣ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಲಕ್ಷಣ ಕಾಣಲು ಕೆಲವು ದಿನ ಹಿಡಿಯುತ್ತದೆ. ವಸಡು ಬಿಳಿಚಿಕೊಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ಹೂ ಕಟ್ಟುವ ದಾರ. ಬೆಕ್ಕು ಆಡುತ್ತಾ ಅದನ್ನು ನುಂಗಿದರೆ ಕರುಳು ಸುಕ್ಕುಗಟ್ಟಿ ಕತ್ತರಿಸುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಹಾಗೇ ಕರೆದುಕೊಂಡು ಹೋಗಿ.

ಮಾತು ಮತ್ತು ಮುಟ್ಟುವಿಕೆ

ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಬಹಳ ಅಪರೂಪ. ಅದು ಮರಿ ತಾಯಿಯನ್ನು ಕರೆಯುವ ದನಿ. ದೊಡ್ಡದಾದ ಮೇಲೂ ಆ ದನಿಯನ್ನು ಅವು ಉಳಿಸಿಕೊಳ್ಳುವುದು ನಮಗಾಗಿ. ನಿಮ್ಮ ಬೆಕ್ಕು ಬಾಗಿಲಲ್ಲಿ ನಿಂತು ಕೂಗಿದರೆ ಅದು ನಿಮ್ಮನ್ನೇ ಕರೆಯುತ್ತಿದೆ. ಉತ್ತರ ಕೊಡಿ.

2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಬೆಕ್ಕಿನ ಕಡೆ ನೋಡುತ್ತಾ ನಿಧಾನವಾಗಿ ಕಣ್ಣು ಅರೆಮುಚ್ಚಿ ತೆರೆದರೆ ಬೆಕ್ಕೂ ಹಾಗೇ ಮಾಡುವ ಸಾಧ್ಯತೆ ಹೆಚ್ಚು, ಅಪರಿಚಿತರು ಹಾಗೆ ಮಾಡಿದರೂ ಹತ್ತಿರ ಬರುತ್ತದೆ. ದಿಟ್ಟಿಸಿ ನೋಡುವುದು ಅದಕ್ಕೆ ಬೆದರಿಕೆ. ಇವತ್ತೇ ಮಾಡಿ ನೋಡಿ. 2019ರಲ್ಲಿ ಜಪಾನಿನ ಸಂಶೋಧಕರು ಬೆಕ್ಕಿಗೆ ತನ್ನ ಹೆಸರು ಗೊತ್ತಾಗುತ್ತದೆ ಅಂತ ತೋರಿಸಿದರು. ಅದೇ ವರ್ಷ ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಹೊಸ ಜಾಗದಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿದ್ದ ಮರಿಗಳಲ್ಲಿ ಸುಮಾರು 64 ಶೇಕಡಾ, ಸಾಕಿದವರು ಮರಳಿ ಬಂದಾಗ ಸಮಾಧಾನಗೊಂಡು ಮತ್ತೆ ಆ ಜಾಗವನ್ನು ನೋಡಲು ಹೊರಟವು. ಬೆಕ್ಕಿಗೆ ಮನೆ ಮುಖ್ಯ, ಮನುಷ್ಯರಲ್ಲ ಅನ್ನುವ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಮುಟ್ಟುವ ರೀತಿ ಹೀಗೆ. ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಹಿಡಿಯಿರಿ. ಅದು ಮೂಸಿ ಕೆನ್ನೆ ಉಜ್ಜಿದರೆ ಗಲ್ಲದ ಕೆಳಗೆ, ಕಿವಿಯ ಬುಡದಲ್ಲಿ ಸವರಿ. ಐದು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಿರಿ. ಮತ್ತೆ ತಲೆ ಒತ್ತಿದರೆ ಮುಂದುವರಿಸಿ, ಇಲ್ಲವಾದರೆ ಸಾಕು. ಹೊಟ್ಟೆ ತೋರಿಸಿ ಮಲಗಿದರೆ ‘ನಿನ್ನನ್ನು ನಂಬಿದ್ದೇನೆ’ ಅಂತ ಅರ್ಥ, ಮುಟ್ಟು ಅಂತಲ್ಲ. ಬಾಲದ ತುದಿ ಪಟಪಟ ಬಡಿಯತೊಡಗಿತೋ, ಕೈ ಹಿಂದಕ್ಕೆ.

ರಾತ್ರಿ ಹೊತ್ತು

ಬೆಕ್ಕು ದಿನದಲ್ಲಿ ಹನ್ನೆರಡು ಗಂಟೆಗೂ ಜಾಸ್ತಿ ಮಲಗುತ್ತದೆ. ಅದು ಚುರುಕಾಗುವುದು ಮುಸ್ಸಂಜೆ ಮತ್ತು ನಸುಕಿನಲ್ಲಿ. ರಾತ್ರಿ ನೀವು ಮಲಗುವ ಮೊದಲು ಹದಿನೈದು ನಿಮಿಷ ಆಡಿಸಿ. ಕೋಲಿಗೆ ಬಟ್ಟೆ ಚೂರು ಕಟ್ಟಿ, ಇಲಿ ಓಡಿದ ಹಾಗೆ ಸಂದಿನೊಳಗೆ ಎಳೆಯಿರಿ. ಕೊನೆಗೆ ಒಂದು ಸಲ ಹಿಡಿಯಲು ಬಿಡಿ. ಆಟವಾದ ಕೂಡಲೇ ಊಟ. ಬೇಟೆ, ಊಟ, ನೆಕ್ಕಿಕೊಳ್ಳುವುದು, ನಿದ್ದೆ, ಅದರ ಕ್ರಮವೇ ಅದು. ನಾಲ್ಕೂವರೆಗೆ ಎಬ್ಬಿಸಿದರೆ ಎದ್ದು ಊಟ ಹಾಕಬೇಡಿ. ನೀವು ಎದ್ದು ಅರ್ಧ ಗಂಟೆಯಾದ ಮೇಲೆ ಹಾಕಿ.

ದೀಪಾವಳಿ ಬಂದರೆ ಪಟಾಕಿ ಶುರುವಾಗುವ ಮೊದಲೇ ಒಳಕೋಣೆಯಲ್ಲಿ ಹಾಸಿಗೆ, ನೀರು, ಟಬ್ ಎಲ್ಲ ಇಟ್ಟು ಕಿಟಕಿ ಮುಚ್ಚಿ. ಅಡಗಿದ್ದರೆ ಅಡಗಿರಲಿ, ಎಳೆದು ಸಮಾಧಾನ ಮಾಡಬೇಡಿ.

ಆಸ್ಪತ್ರೆ

ಬೆಕ್ಕನ್ನು ಹೊತ್ತೊಯ್ಯುವ ಬುಟ್ಟಿಯನ್ನು ವರ್ಷವಿಡೀ ಬಾಗಿಲು ತೆರೆದು ನಡುಮನೆಯಲ್ಲೇ ಇಡಿ. ಆಸ್ಪತ್ರೆ ದಿನ ಮಾತ್ರ ಸಜ್ಜೆಯಿಂದ ಇಳಿಸಿದರೆ ಅದನ್ನು ಕಂಡ ಕೂಡಲೇ ಓಡಿಹೋಗುತ್ತದೆ. ಹೋಗುವಾಗ ಮೇಲೊಂದು ಟವೆಲ್ ಮುಚ್ಚಿ.

ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರು ಹೇಳಿದಂತೆ ತಪ್ಪದೆ ಮತ್ತೆ ಹಾಕಿಸಿ. ಯಾವುದೇ ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವ ಹಾಗೆ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸುರಿಯಾಗಬಹುದು, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಆ ಮರಿಗಳಿಗೆಲ್ಲ ಮನೆ ಹುಡುಕುವುದು ಸುಲಭವಲ್ಲ. ಐದು ತಿಂಗಳೊಳಗೆ ಆಪರೇಷನ್ ಮಾಡಿಸಿ.

ಈ ಮೂರು ಕಂಡರೆ ನಾಳೆಗೆ ಬಿಡಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಟಬ್‌ನಲ್ಲಿ ಕೂತರೂ ಉಚ್ಚೆ ಬರದಿರುವುದು. ಬಾಯಿ ತೆರೆದು ಏದುಸಿರು ಬಿಡುವುದು. ಇಡೀ ಒಂದು ದಿನ ಏನೂ ತಿನ್ನದಿರುವುದು. ಬೆಕ್ಕು ಉಪವಾಸ ತಡೆಯುವುದಿಲ್ಲ, ಎರಡು ಮೂರು ದಿನದಲ್ಲೇ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬತೊಡಗುತ್ತದೆ. ದೊಡ್ಡ ತೊಂದರೆ ಆದರೆ ನಮ್ಮ ಕಡೆಯವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುವುದುಂಟು. ಎಪ್ಪತ್ತು ಕಿಲೋಮೀಟರ್ ದಾರಿ. ಹೊರಡುವ ಮೊದಲು ಊರಿನ ಡಾಕ್ಟರಿಗೆ ಒಮ್ಮೆ ತೋರಿಸಿಯೇ ಹೋಗಿ.

ನೀವು ಊರಿಗೆ ಹೋಗುವಾಗ

ಹಬ್ಬಕ್ಕೆ, ಮದುವೆಗೆ ಎರಡು ಮೂರು ದಿನ ಹೋಗಬೇಕಾದರೆ ಬೆಕ್ಕನ್ನು ಕರೆದುಕೊಂಡು ಹೋಗಬೇಡಿ. ಹೊಸ ಮನೆಯ ವಾಸನೆಗಿಂತ ಖಾಲಿ ಮನೆ ಅದಕ್ಕೆ ಮೇಲು. ಗೊತ್ತಿರುವ ಒಬ್ಬರು ದಿನಕ್ಕೆ ಎರಡು ಸಲ ಬಂದು ಊಟ ಹಾಕಿ, ಟಬ್ ಶುಚಿ ಮಾಡಿ, ಅರ್ಧ ಗಂಟೆ ಕೂತು ಹೋಗಲಿ. ಅವರನ್ನು ಒಂದು ವಾರ ಮೊದಲೇ ಮನೆಗೆ ಕರೆದು ಬೆಕ್ಕಿಗೆ ಪರಿಚಯ ಮಾಡಿಸಿ.

ನಾನು ಹೊರಡುವ ದಿನ ಹಿಂದಿನ ರಾತ್ರಿ ಉಟ್ಟ ಹಳೆಯ ಸೀರೆಯನ್ನು ತೊಳೆಯದೆ ಬೀರುವಿನ ಮೇಲಿನ ಗೋಣಿಚೀಲದ ಮೇಲೆ ಹಾಸುತ್ತೇನೆ. ವಾಪಸ್ ಬಂದಾಗ ಸೀರೆಯ ಮಧ್ಯೆ ಅವಳ ಮೈಯ ಗುಳಿ ಇರುತ್ತದೆ. ಬಾಗಿಲು ತೆಗೆದ ಕೂಡಲೇ ಎತ್ತಿಕೊಳ್ಳಬೇಡಿ. ಬ್ಯಾಗನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಮೊದಲು ಚಪ್ಪಲಿ ಮೂಸುತ್ತದೆ. ಆಮೇಲೆ ಬ್ಯಾಗು, ಸೆರಗು, ಕೈ. ಎಲ್ಲ ಮೂಸಿ ಮುಗಿಯುವವರೆಗೆ ಕಾಯಿರಿ.